ಒಲೆ ಆರಿಸಿ ನೋಡಿದ ಬೀಮು

ಹಳೇ ಕಟ್ಟಡಗಳ ರಿಪೇರಿ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ಸರ್, ಯಾವ ಸಾಫ್ಟ್‌ವೇರ್ ಕಲೀಬೇಕು?" ಅಂತ. ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ದಿನ ಮಧ್ಯಾಹ್ನ ಒಂದು ಗಂಟೆಗೆ, ಊಟದ ಗಿರಾಕಿಗಳು ತುಂಬಿರುವಾಗ, ಯಾವುದಾದರೂ ಹೋಟೆಲಿನ ಅಡುಗೆಮನೆಯೊಳಗೆ ಹತ್ತು ನಿಮಿಷ ನಿಂತು ಬನ್ನಿ ಅನ್ನುತ್ತೇನೆ. ಅವರು ನಗುತ್ತಾರೆ. ರಿಟೈರ್ ಆದ ಮೇಲೆ ಇವನಿಗೆ ಹೊತ್ತು ಹೋಗುತ್ತಿಲ್ಲ ಅಂದುಕೊಳ್ಳುತ್ತಾರೋ ಏನೋ. ಆ ಹತ್ತು ನಿಮಿಷ ನಾನು ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತನಾಲ್ಕು ವರ್ಷ ಮುಂಬಯಿಯ ಬೀಮು, ಕಾಲಮ್ಮು, ಸ್ಲ್ಯಾಬುಗಳ ಕೆಳಗೆ ಕತ್ತು ಎತ್ತಿಕೊಂಡು ಕಳೆದವನು ನಾನು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅನ್ನುವುದು ನನ್ನ ಹೆಂಡತಿಗೆ ನೆನಪಿದೆ, ನನಗಿಲ್ಲ. ನನಗೆ ನೆನಪಿರುವುದು ಬಿರುಕುಗಳು, ಬೈಗುಳಗಳು, ಮತ್ತೆ ಯಾರ್ಯಾರೋ ಕೊಟ್ಟ ಚಹಾ.

ನಮ್ಮಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ, ಗಾರೆ ಕೆಲಸದವ. ಕುರ್ಲಾದ ಚಾಳಿನಲ್ಲಿ ನಮ್ಮದು ಒಂದೇ ಖೋಲಿ, ಏಳು ಜನ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಎದ್ದು, ಇಂಜಿನಿಯರಿಂಗ್ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವ ಕಾಗದ ಕಂಡವನು ನಾನೇ ಮೊದಲು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಪಕ್ಕ ನೇತುಹಾಕಿದ. ಮಳೆಗಾಲದಲ್ಲಿ ಮಾಡು ಸೋರಿದರೆ ಅವ್ವ ಜೋಳದ ಹಿಟ್ಟಿನ ಡಬ್ಬ ಸರಿಸುತ್ತಿದ್ದಳು, ಅಪ್ಪ ಮೊದಲು ಡಿಗ್ರಿ ಇಳಿಸುತ್ತಿದ್ದ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹೆಮ್ಮೆಯೇ ಇದೆ. ಆ ಹೆಮ್ಮೆ ಒಮ್ಮೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಗೋಡೆಯನ್ನು ಬಡಿದು ಕೇಳುವುದನ್ನು ಕಲಿಸಿದ್ದು ಕಾಲೇಜಲ್ಲ, ಅಪ್ಪ. ರಜೆಯಲ್ಲಿ ಅವನ ಜೊತೆ ಸೈಟಿಗೆ ಹೋದರೆ, ಗಾರೆ ಮೆತ್ತಿದ ಜಾಗಕ್ಕೆ ಕರಣಿಯ ಹಿಡಿಯಿಂದ ಕುಟ್ಟಿ, "ಕೇಳಿದ್ಯಾ? ಟಣ್ ಅಂತು. ಹಿಡಕೊಂಡದ. ಇಲ್ಲಿ ಕೇಳು, ಡಬ್. ಒಳಗ ಬಿಟ್ಟದ" ಅನ್ನುತ್ತಿದ್ದ. ಕುಟ್ಟುವ ಮೊದಲು ಅಂಗೈ ಇಟ್ಟು ನೋಡುತ್ತಿದ್ದ. ಹಸಿ ಎಷ್ಟು, ಬಿಸಿ ಎಷ್ಟು ಅಂತ. "ಮೊದಲ ಕೈ ಇಡು, ಆಮ್ಯಾಲೆ ಬಡಿ." ಮುಂದೆ ಕೆಲಸಕ್ಕೆ ಸೇರಿದಾಗ ಕಂಪನಿಯವರು ಕಲಿಸಿದ್ದೂ ಅದನ್ನೇ. ಕರಣಿಯ ಬದಲು ಸಣ್ಣ ಸುತ್ತಿಗೆ ಕೊಟ್ಟರು, ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದರು, ಅಷ್ಟೇ.

ನನ್ನ ಮೇಲಿನ ಸಾಹೇಬರು ಕರ್ಣಿಕ್ ಅಂತ, ದಾದರ್ ಕಡೆಯ ಮರಾಠಿಯವರು. ತೆಳ್ಳಗೆ, ಉದ್ದಕ್ಕೆ, ಬಿಸಿಲಿಗೆ ಹೋಗುವಾಗ ತಲೆಗೆ ಒದ್ದೆ ಕರ್ಚೀಫು. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಅರೇ ಗೌಂಡಿ ಕಾ ಬೇಟಾ" ಅನ್ನುತ್ತಿದ್ದರು. ಮೊದಲ ವರ್ಷ ಅದು ನನಗೆ ಬೈಗುಳದ ಹಾಗೆ ಕೇಳಿಸುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಡಾಕ್ಟರ ಮಗ, ಪ್ರೊಫೆಸರ ಮಗ. ನಾನು ಕೊರಳವರೆಗೂ ಗುಂಡಿ ಹಾಕಿ, ಇಸ್ತ್ರಿ ಮಡಿಕೆ ಕೆಡದ ಹಾಗೆ ಲೋಕಲ್‌ನಲ್ಲಿ ನಿಂತೇ ಬರುತ್ತಿದ್ದೆ. ಅಂಥವನನ್ನು ಸಾಹೇಬರು ಪ್ಯೂನ್ ಮುಂದೆಯೂ ಗೌಂಡಿ ಮಗ ಅಂದರೆ ಮೈ ಉರಿಯುತ್ತಿತ್ತು.

ಆ ಕಾಲದಲ್ಲಿ ಬೀಮಿಗೆ ಬಲ ತುಂಬುವುದು ಅಂದರೆ ಧೂಳಿನ ಕೆಲಸ. ಸಡಿಲ ಕಾಂಕ್ರೀಟು ಒಡೆದು, ತುಕ್ಕು ತಿಕ್ಕಿ, ಸುತ್ತ ಹೊಸ ಸರಳು ಕಟ್ಟಿ, ಮತ್ತೆ ಕಾಂಕ್ರೀಟು ತುಂಬಬೇಕು. ಮೇಲಿನ ಭಾರ ಹೊರಲು ಆಸರೆ ಕೊಡುವ ಕಬ್ಬಿಣದ ಜ್ಯಾಕುಗಳ ಕಾಡು. ಕೆಳಗೆ ಅಂಗಡಿ ಇದ್ದರೆ ತಿಂಗಳುಗಟ್ಟಲೆ ಬಂದ್. ಅಂಥ ಹೊತ್ತಿಗೆ ಕಾರ್ಬನ್ ಬಟ್ಟೆ ಬಂತು. ಕಪ್ಪು ಸೀರೆಯ ಥಾನಿನ ಹಾಗೆ ಸುರುಳಿ. ಎರಡು ಡಬ್ಬಿಯ ಅಂಟನ್ನು ಕಲಸಿ, ಬೀಮಿನ ಹೊಟ್ಟೆಗೆ ಹಚ್ಚಿ, ಬಟ್ಟೆ ಅಂಟಿಸಿ, ರೋಲರ್‌ನಿಂದ ಒತ್ತಿದರೆ ಮುಗಿಯಿತು. ಕಾಗದದಷ್ಟು ತೆಳ್ಳಗೆ, ಎಳೆದರೆ ಉಕ್ಕಿಗಿಂತ ಗಟ್ಟಿ. ಧೂಳಿಲ್ಲ, ಗದ್ದಲವಿಲ್ಲ. ತರಬೇತಿಗೆ ನನ್ನನ್ನೇ ಕಳಿಸಿದರು. ಬಂದ ಮೇಲೆ ಆಫೀಸಿನಲ್ಲಿ ಅದರ ಬಗ್ಗೆ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಹಾಗಂತ ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಕರ್ಣಿಕ್ ಸಾಹೇಬರು ಮಾತ್ರ ಆ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ, "ಹೊಸದಾ? ಚೆನ್ನಾಗಿದೆ. ಮೊದಲು ಇದು ಇಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕು. ಇದು ಸುಟ್ಟು ಹೋದರೂ ಬೀಮು ಬೀಳಬಾರದು. ಆಮೇಲೆ ಇದೆ ಅಂತ ಲೆಕ್ಕ ಹಾಕು" ಅಂದರು. ಮುದಿ ಬುದ್ಧಿ ಅಂದುಕೊಂಡೆ. ಆದರೂ ಪ್ರತಿ ಸಲ ಎರಡು ಲೆಕ್ಕ ಹಾಕಿದೆ. ಇಲ್ಲದಿದ್ದರೆ ಅವರು ಫೈಲು ಮುಟ್ಟುತ್ತಿರಲಿಲ್ಲ.

ಮೊದಲ ಕೆಲಸ ಮಲಾಡಿನ ಒಂದು ಸೊಸೈಟಿಯಲ್ಲಿ, ಪಾರ್ಕಿಂಗ್ ಮೇಲಿನ ಬೀಮು. ಮೇ ತಿಂಗಳು. ಅಂಟನ್ನು ಸ್ವಲ್ಪ ಸ್ವಲ್ಪವೇ ಕಲಸಿರಿ ಅಂತ ತರಬೇತಿಯಲ್ಲಿ ಹೇಳಿದ್ದರು. ನನಗೆ ಅವಸರ. ಒಂದೇ ಸಲಕ್ಕೆ ಬಕೆಟ್ ತುಂಬ ಕಲಸಿಸಿದೆ. ಹತ್ತು ನಿಮಿಷಕ್ಕೆ ಬಕೆಟ್ಟು ಮುಟ್ಟಲಾಗದಷ್ಟು ಬಿಸಿಯಾಯಿತು. ಆಮೇಲೆ ಹೊಗೆ. ಕೆಲಸದವರು ಓಡಿದರು, ವಾಚ್‌ಮನ್ ಸೀಟಿ ಊದಿದ, ಮೂರನೇ ಮಾಳಿಗೆಯಿಂದ ಒಬ್ಬ ಗುಜರಾತಿ ಹೆಂಗಸು ಕೆಳಗೆ ಬಗ್ಗಿ, "ಕ್ಯಾ ಪಕಾ ರಹೇ ಹೋ ಭಾಯ್? ಜಲ್ ಗಯಾ ಲಗತಾ ಹೈ" ಅಂದಳು, ನಾವು ಏನೋ ಬೇಯಿಸಲು ಹೋಗಿ ಸೀಯಿಸಿದ್ದೇವೆ ಅನ್ನುವ ಹಾಗೆ. ಕಲಸುವ ಕೋಲು ನೆಟ್ಟಗೆ ನಿಂತ ಹಾಗೇ ಇಡೀ ಬಕೆಟ್ಟು ಕಲ್ಲಾಯಿತು.

ಕರ್ಣಿಕ್ ಸಾಹೇಬರು ಬೈಯಲಿಲ್ಲ. ಆ ಬಕೆಟ್ಟನ್ನು ಆಫೀಸಿಗೆ ತರಿಸಿ ತಮ್ಮ ಕೋಣೆಯ ಬಾಗಿಲಿಗೆ ಅಡ್ಡ ಇಟ್ಟರು, ಗಾಳಿಗೆ ಮುಚ್ಚದಿರಲಿ ಅಂತ. ಒಳಗೆ ಹೋಗುವಾಗಲೆಲ್ಲ ನಾನು ಅದನ್ನು ಎಡವಬೇಕು. ಈ ಅಂಟಿಗೂ ಶಾಖಕ್ಕೂ ಏನೋ ಇದೆ ಕಣಯ್ಯಾ ಅಂತ ಆ ಬಕೆಟ್ಟು ದಿನಾ ನನ್ನ ಕಾಲಿಗೆ ಹೇಳುತ್ತಿತ್ತು. ತಲೆಗೆ ಹೋಗಲಿಲ್ಲ.

ಇನ್ನು ಅಂಧೇರಿಯ ವಿಷಯ. ಮೆಟ್ರೋ ಇನ್ನೂ ಬಂದಿರಲಿಲ್ಲ. ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೇ ಮೂರು ಮಾಳಿಗೆಯ ಬಿಲ್ಡಿಂಗು, ಕೆಳಗೆ ಉಡುಪಿ ಹೋಟೆಲು. ಯಜಮಾನರು ಸಂಜೀವಣ್ಣ. ಕಾರ್ಕಳದ ಕಡೆಯಿಂದ ಲೋಟ ತೊಳೆಯಲು ಬಂದವರು, ಈಗ ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂತಿದ್ದರು. ಅವರ ಅಡುಗೆಮನೆಯ ಮೇಲಿನ ಬೀಮು ಸೀಳಿತ್ತು. ಒಳಗಿನ ಸರಳು ತುಕ್ಕು ಹಿಡಿದು ಊದಿ, ಕಾಂಕ್ರೀಟಿನ ಚೂರು ಸಾಂಬಾರಿನ ಪಾತ್ರೆಗೆ ಬಿದ್ದಿತ್ತಂತೆ. ಆ ಬೀಮಿನ ಮೇಲೆ ಮೊದಲ ಮಾಳಿಗೆಯಲ್ಲಿ ಒಬ್ಬ ಮರಾಠಿ ಅಜ್ಜಿ, ಮೊಮ್ಮಗಳ ಜೊತೆ ಇದ್ದರು. ಎಲ್ಲರಿಗೂ ಅವರು ಆಜಿ.

ನಾನು ಕನ್ನಡದವನು ಅಂತ ಗೊತ್ತಾದದ್ದೇ ಸಂಜೀವಣ್ಣನಿಗೆ ಹಿಡಿಸಲಾರದಷ್ಟು ಖುಷಿ. "ಓ, ನಮ್ಮವರು! ಬನ್ನಿ ಸಾರ್, ಬನ್ನಿ. ಎಂತ ಕುಡೀತೀರಿ?" ಮೂರು ಗಂಟೆಗೆ ಬರುತ್ತೇನೆ ಅಂತ ಫೋನ್ ಮಾಡಿದ್ದೆ. ನಾನು ಒಳಗೆ ಕಾಲಿಡುವಾಗ ಅಡುಗೆಮನೆ ಮದುವೆ ಮುಗಿದ ಛತ್ರದ ಹಾಗೆ ಶಾಂತ. ನೆಲ ತೊಳೆದಿತ್ತು. ಒಲೆಗಳೆಲ್ಲ ಆರಿದ್ದವು. ಒಂದು ಟೇಬಲ್ ಫ್ಯಾನ್ ನನ್ನ ಕಡೆಗೆ ತಿರುಗಿತ್ತು. ಹತ್ತಲು ಸ್ಟೂಲು, ಅದರ ಮೇಲೆ ಹೊಸ ಟವೆಲ್ಲು. ಮುಖ್ಯ ಭಟ್ಟರು ಪೂವಪ್ಪ, ಆರಡಿ ಆಳು, ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದರು.

"ದಿನಾ ಮೂರಕ್ಕೆ ಆರಿಸುದು, ಇವತ್ತು ಒಂದು ಗಂಟೆ ಮೊದಲೇ ಎಲ್ಲ ಆರಿಸಿದ್ದು ಸಾರ್," ಅಂದರು ಸಂಜೀವಣ್ಣ. "ಇಂಜಿನಿಯರ್ ಸಾಹೇಬರು ಆ ಬೆಂಕಿಯಲ್ಲಿ ನಿಲ್ಲುದು ಅಂದ್ರೆ ಎಂತ ಮರ್ಯಾದೆ?"

ನನ್ನಪ್ಪನಿಗೋಸ್ಕರ ಯಾರೂ ಯಾವತ್ತೂ ಫ್ಯಾನ್ ತಿರುಗಿಸಿರಲಿಲ್ಲ. ನನಗೋಸ್ಕರ ಒಂದು ಹೋಟೆಲಿನ ಒಲೆ ಆರಿತ್ತು. ಎದೆ ಉಬ್ಬಿತು, ಯಾಕೆ ಸುಳ್ಳು ಹೇಳಲಿ. ಸ್ಟೂಲು ಹತ್ತಿ ಅಂಗೈ ಇಟ್ಟೆ. ಬೆಚ್ಚಗಿತ್ತು, ಬಿಸಿ ಅನ್ನುವಷ್ಟಲ್ಲ. ಸುತ್ತಿಗೆಯಿಂದ ಬಡಿದೆ, ಬರೆದುಕೊಂಡೆ, ಕಾಫಿ ಕುಡಿದೆ.

ಆಫೀಸಿನಲ್ಲಿ ಕರ್ಣಿಕ್ ಸಾಹೇಬರು ಒಂದೇ ಪ್ರಶ್ನೆ ಕೇಳಿದರು. "ಕೆಳಗೆ ಅಡುಗೆಮನೆ. ಬಿಸಿ ಹೇಗಿದೆ?"

"ನಾನೇ ಕೈ ಇಟ್ಟು ನೋಡಿದ್ದೇನೆ ಸರ್. ಹೆಚ್ಚೇನೂ ಇಲ್ಲ."

"ನೀನು ಕೈ ಇಟ್ಟು ನೋಡಿದ್ದೀಯಾ? ಹಾಗಾದರೆ ಆಯ್ತು." ಸಹಿ ಮಾಡಿದರು. ಅವರು ನಂಬಿದ್ದು ನನ್ನ ಡಿಗ್ರಿಯನ್ನಲ್ಲ, ನನ್ನ ಅಂಗೈಯನ್ನು. ಇದು ನನಗೆ ಹೊಳೆದದ್ದು ಆಮೇಲೆ.

ಎಂಟು ದಿನ ಹೋಟೆಲ್ ಮುಚ್ಚಿ ಕೆಲಸ ಮುಗಿಸಿದೆವು. ಬೀಮು ಕರೀ ಇಸ್ತ್ರಿ ಬಟ್ಟೆ ತೊಟ್ಟ ಹಾಗೆ ಮಿಂಚುತ್ತಿತ್ತು. ಮೇಲಿನಿಂದ ಆಜಿ ಇಳಿದು ಬಂದು ಮರಾಠಿಯಲ್ಲಿ ಕೇಳಿದರು. "ಇಂಜಿನಿಯರ್ ಬಾಬಾ, ಮೊಮ್ಮಗಳ ನಿಶ್ಚಿತಾರ್ಥ ನಮ್ಮ ಖೋಲಿಯಲ್ಲೇ ಮಾಡಬೇಕು ಅಂತಿದ್ದೇನೆ. ಅವಳ ತಾಯಿಯದೂ ಇಲ್ಲೇ ಆದದ್ದು. ಐವತ್ತು ಜನ ಆದಾರು. ತಡೆಯುತ್ತಾ?"

"ಐವತ್ತು ಜನ ಕುಣಿದರೂ ಏನಾಗಲ್ಲ ಆಜಿ," ಅಂದೆ.

ಬಟ್ಟೆ ಇದೆ ಅನ್ನುವ ಲೆಕ್ಕದಲ್ಲಿ ಆ ಮಾತು ಸರಿ. ಬಟ್ಟೆ ಇಲ್ಲ ಅನ್ನುವ ಲೆಕ್ಕದಲ್ಲಿ, ಅಜ್ಜಿ, ಮೊಮ್ಮಗಳು, ಒಂದು ಕಪಾಟು, ಒಂದು ನೀರಿನ ಡ್ರಮ್ಮು, ಇಷ್ಟಕ್ಕೆ ಬೀಮು ಸಾಕು. ಐವತ್ತು ಜನಕ್ಕೆ ಸಾಲದು.

ಮುಂದೆ ಒಂದು ತಪಾಸಣೆಗೆ ಹೋದೆ. ಆಗಲೂ ಮೂರು ಗಂಟೆ, ಆಗಲೂ ಒಲೆ ಆರಿತ್ತು, ಫ್ಯಾನು ತಿರುಗಿತ್ತು. ನಾಣ್ಯದಿಂದ ಉದ್ದಕ್ಕೂ ಬಡಿದೆ. ಬಟ್ಟೆ ಅಂಟಿದೆಯೋ ಇಲ್ಲವೋ ಅಂತ ನೋಡಲು ಸುತ್ತಿಗೆಗಿಂತ ನಾಣ್ಯ ವಾಸಿ. ಟಣ್, ಟಣ್. ಪಾಸು.

ಬಟ್ಟೆ ಅಂಟಿಸಿ ಏಳೆಂಟು ತಿಂಗಳಾಗಿತ್ತು. ಒಂದು ಬುಧವಾರ ಬೇರೆ ಕೆಲಸಕ್ಕೆ ಅಂಧೇರಿಗೆ ಹೋದವನು ಹಸಿವಾಗಿ, ಹೇಳದೆ ಕೇಳದೆ, ಒಂದು ಗಂಟೆಗೆ ಸಂಜೀವಣ್ಣನ ಹೋಟೆಲಿಗೆ ನುಗ್ಗಿದೆ. ಕೂರಲು ಜಾಗವಿಲ್ಲ. ಊಟದ ತಟ್ಟೆ ಕೊಡುವ ಕಿಂಡಿಯಿಂದ ಪೂವಪ್ಪ ನನ್ನನ್ನು ನೋಡಿದರು.

"ಸಾರ್, ಒಮ್ಮೆ ಒಳಗೆ ಬನ್ನಿ. ನಿಮ್ಮ ಕಪ್ಪು ಬಟ್ಟೆ ಜಾರ್ತಾ ಉಂಟು."

ಗಲ್ಲೆಯಿಂದ ಸಂಜೀವಣ್ಣ ಕೂಗಿದರು. "ಏ ಪೂವಪ್ಪ, ನಿನಗೆ ಮಂಡೆ ಸರಿ ಉಂಟಾ? ಸಾರನ್ನು ಆ ಬೆಂಕಿಗೆ ಕರೀತೀಯಾ? ತಡೀರಿ ಸಾರ್, ಹತ್ತು ನಿಮಿಷ, ಒಲೆ ಆರಿಸ್ತೇನೆ."

"ಆರಿಸಿದ್ರೆ ಅದು ಪುನಃ ಗಟ್ಟಿ ಆಗ್ತದೆ ಅಣ್ಣ," ಅಂದರು ಪೂವಪ್ಪ. "ಇವರು ಬಂದಾಗೆಲ್ಲ ನೀವು ಆರಿಸ್ತೀರಿ. ಮತ್ತೆ ಇವರಿಗೆ ಎಂತ ಕಾಣ್ತದೆ?"

ಒಳಗೆ ಹೋದೆ. ಮೂರು ದೊಡ್ಡ ಒಲೆ, ದೋಸೆಯ ಕಾವಲಿ, ಇಡ್ಲಿಯ ಹಬೆ, ಎಣ್ಣೆಯ ಬಾಣಲೆ, ಎಲ್ಲ ಒಟ್ಟಿಗೆ. ಉಸಿರು ಎಳೆದರೆ ಮೂಗಿನ ಒಳಗೆ ಸುಡುತ್ತದೆ. ಕನ್ನಡಕಕ್ಕೆ ಹಬೆ ಕಟ್ಟಿ ಕುರುಡಾದೆ. ಪೂವಪ್ಪ ನನ್ನ ಸೊಂಟ ಹಿಡಿದು ಸ್ಟೂಲು ಹತ್ತಿಸಿದರು. ಬೀಮಿಗೆ ಅಂಗೈ ಇಟ್ಟೆ. ಇಟ್ಟ ಕೈ ತಾನಾಗಿ ಹಿಂದಕ್ಕೆ ಬಂತು. ಟವೆಲ್ ಸುತ್ತಿ ಹೆಬ್ಬೆರಳಿಂದ ಬಟ್ಟೆಯ ಅಂಚು ಒತ್ತಿದೆ. ನೀರಲ್ಲಿ ನೆನೆದ ಬಾಟಲಿಯ ಚೀಟಿ ಹೇಗೆ ಸರಿಯುತ್ತದೋ ಹಾಗೆ ಸರಿಯಿತು. ನಾಣ್ಯ ಬಡಿದೆ. ಡಬ್. ಇನ್ನೊಂದು ಕಡೆ. ಡಬ್.

ಕಾರ್ಬನ್ನಿಗೆ ಆ ಶಾಖ ಏನೇನೂ ಅಲ್ಲ. ಆದರೆ ಕಾರ್ಬನ್ನನ್ನು ಬೀಮಿಗೆ ಹಿಡಿದಿರುವುದು ಅಂಟು. ನಾವು ಆಗ ಬಳಸುತ್ತಿದ್ದ ಅಂಟು ಅರವತ್ತು ಡಿಗ್ರಿಯ ಆಸುಪಾಸಿಗೆ ಮೆತ್ತಗಾಗುತ್ತದೆ. ಉರಿಯುವುದಿಲ್ಲ, ಹೊಗೆ ಬರುವುದಿಲ್ಲ, ಸದ್ದಿಲ್ಲದೆ ಹಿಡಿತ ಬಿಡುತ್ತದೆ. ತಣ್ಣಗಾದ ಮೇಲೆ ಮತ್ತೆ ಗಟ್ಟಿ. ದಿನಾ ಬೆಳಿಗ್ಗೆ ಸಡಿಲ, ಮಧ್ಯಾಹ್ನ ಮೂರಕ್ಕೆ ಬಿಗಿ, ಸಂಜೆ ಮತ್ತೆ ಸಡಿಲ. ಹೀಗೆ ತಿಂಗಳುಗಟ್ಟಲೆ ನಡೆದು ಅಂಚಿನಿಂದ ಒಳಗೊಳಗೆ ಬಿಡುತ್ತಾ ಬಂದಿತ್ತು. ಇದೆಲ್ಲ ಅಂಟಿನ ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ನಾನು ಓದಿದ್ದೆ ಕೂಡ. ನಾನು ನೋಡಿದ ಅಡುಗೆಮನೆ ಮಾತ್ರ ತಣ್ಣಗಿತ್ತು.

ಕೈ ತೊಳೆಯುವ ಬೇಸಿನ್ನಿನ ಹತ್ತಿರ ಬಂದು ನಿಂತೆ. ಆಜಿಯ ಕರೆ ನನಗೂ ಬಂದಿತ್ತು, ಈ ಭಾನುವಾರ ಮೇಲೆ ಅವರ ಖೋಲಿಯಲ್ಲಿ ನಿಶ್ಚಿತಾರ್ಥ. ನಡುವೆ ಮೂರೇ ದಿನ.

ಆ ಬೇಸಿನ್ನಿನ ಮುಂದೆ ನನಗೆ ಏನು ಹೊಳೆಯಿತು ಅನ್ನುವುದನ್ನೂ ಬರೆದುಬಿಡುತ್ತೇನೆ. ಮೂರು ಗಂಟೆಯವರೆಗೆ ಕೂತು, ಒಲೆ ಆರಿದ ಮೇಲೆ ನಾಣ್ಯ ಬಡಿದರೆ ಬೀಮಿನ ಬಹುಪಾಲು ಟಣ್ ಅನ್ನುತ್ತದೆ. ಅಂಚಿಗೆ ಸ್ವಲ್ಪ ಅಂಟು ತುಂಬಿಸಬಹುದು. ಭಾನುವಾರ ಏನೂ ಆಗದೆಯೂ ಇರಬಹುದು. ಸಾಹೇಬರಿಗೆ ಗೊತ್ತಾಗುವುದಿಲ್ಲ. ಗೋಡೆಯ ಮೇಲಿನ ಡಿಗ್ರಿ ಗೋಡೆಯ ಮೇಲೇ ಇರುತ್ತದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹಿಂದೆ ಕೈ ತೊಳೆಯಲು ಬಂದವನು, "ಭಾಯ್ ಸಾಬ್, ಹೋ ಗಯಾ ಕ್ಯಾ?" ಅಂದ. ಹೋ ಗಯಾ, ಆಯ್ತು, ಅಂದೆ.

ಗಲ್ಲೆಗೆ ಹೋಗಿ, "ಸಂಜೀವಣ್ಣ, ಹೋಟೆಲ್ ಬಂದ್ ಮಾಡಬೇಕು. ಇವತ್ತೇ. ಆ ಬೀಮಿಗೆ ನಾನು ಮಾಡಿದ್ದು ತಪ್ಪು" ಅಂದೆ.

ಅವರು ಮುಖ ನೋಡಿದರು. "ಊಟದ ಹೊತ್ತಲ್ಲಿ ತಮಾಷೆ ಮಾಡ್ಬೇಡಿ ಸಾರ್."

"ತಮಾಷೆ ಅಲ್ಲ."

"ನೀವೇ ಅಲ್ವಾ ಟಣ್ ಟಣ್ ಅಂತ ಬಡಿದು ಪಾಸ್ ಮಾಡಿದ್ದು?"

"ಒಲೆ ಆರಿಸಿ ನೋಡಿದ್ದೆ."

ಅವರ ಮುಖ ಇಳಿಯಿತು. "ಹಾಗಾದ್ರೆ ಕೆಟ್ಟದ್ದು ನನ್ನಿಂದಲೇ ಮಾರಾಯ್ರೆ," ಅಂದರು. ಅಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಆರಿಸಿದವರು ಅವರು ನಿಜ. ಹಚ್ಚಿ ಅಂತ ಹೇಳಬೇಕಾದವನು ನಾನು.

ಕರ್ಣಿಕ್ ಸಾಹೇಬರ ಕೋಣೆಗೆ ಬಕೆಟ್ ಎಡವಿಕೊಂಡೇ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ಕೈ ಇಟ್ಟು ನೋಡಿದ್ದೇನೆ ಅಂದಿದ್ದೆಯಲ್ಲ."

"ಇಟ್ಟಿದ್ದೆ ಸರ್. ಒಲೆ ಆರಿಸಿದ್ದರು. ಮರ್ಯಾದೆಗೆ."

"ನೀನು ಯಾಕೆ ಬಿಟ್ಟೆ?"

ಹೇಳಬಾರದಿತ್ತು, ಬಾಯಿಂದ ಬಂದುಬಿಟ್ಟಿತು. "ಹಿತವಾಗಿತ್ತು ಸರ್."

ಬೈಯುತ್ತಾರೆ ಅಂದುಕೊಂಡೆ. ಅವರು ಬಹಳ ಮೆಲ್ಲಗೆ ಕೇಳಿದರು. "ನಿನ್ನಪ್ಪ ಕೆಲಸ ಮಾಡುವಾಗ ಯಾರಾದರೂ ಬಿಸಿಲು ಆರಿಸುತ್ತಿದ್ದರಾ?" ಆಮೇಲೆ ಎಂದಿನ ಗಂಟಲಲ್ಲಿ, "ಎಷ್ಟು ಜ್ಯಾಕ್ ಬೇಕೋ ತಗೊಂಡು ಹೋಗು. ಮೇಲಿನ ಅಜ್ಜಿಗೆ ನೀನೇ ಹೇಳು. ಪತ್ರ ಕಳಿಸಬೇಡ, ಬಾಯಿಂದ ಹೇಳು."

ಸಂಜೆಯೊಳಗೆ ಜ್ಯಾಕುಗಳು ನಿಂತವು. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಆಗ ಕೆಲಸ ಬಿಟ್ಟು ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಕೈ ಇಟ್ಟಿದ್ದಿಲ್ಲೇನು?"

"ಇಟ್ಟಿದ್ದೆ. ತಣ್ಣಗಿತ್ತು."

"ಅಡಗಿಮನಿ ತಣ್ಣಗಿದ್ರ ಹೋಟೆಲ್ ಹ್ಯಾಂಗ ನಡೀತದೋ ಮಾರಾಯಾ?" ಅಂತ ಅಪ್ಪ ನಕ್ಕ. ನಾನು ನಗಲಿಲ್ಲ. ಅದನ್ನು ನೋಡಿ ಅವನೂ ನಿಲ್ಲಿಸಿದ. "ಯಾರಿಗರೆ ಪೆಟ್ಟಾತೇನು?" "ಇಲ್ಲಪ್ಪ." "ಮತ್ತ? ನಾಳಿ ಹೋಗಿ ಸರಿ ಮಾಡು."

ಮರುದಿನ ಬೆಳಿಗ್ಗೆ ಆಜಿಯ ಖೋಲಿಗೆ ಹೋದೆ. ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಭಾನುವಾರದ ಅಕ್ಕಿ. ನಾನು ಹೇಳಿ ಮುಗಿಸುವವರೆಗೂ ಅವರ ಬೆರಳು ನಿಲ್ಲಲಿಲ್ಲ.

"ಐವತ್ತು ಜನ ಕುಣಿಯಬಹುದು ಅಂತ ನೀನೇ ಅಂದಿದ್ದೆ."

"ತಪ್ಪು ಹೇಳಿದ್ದೆ ಆಜಿ."

"ಗಂಡಿನ ಕಡೆಯವರಿಗೆ ಏನು ಹೇಳಲಿ? ನಮ್ಮ ನೆಲ ಗಟ್ಟಿ ಇಲ್ಲ ಅಂತಲಾ?" ಅವರ ಕಣ್ಣು ತುಂಬಿತು. "ಈಗ ಎಲ್ಲಿ ಹಾಲ್ ಸಿಗುತ್ತೆ?"

ಉತ್ತರ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂತು. ಸಂಜೀವಣ್ಣ, ಬಾಗಿಲ ಚೌಕಟ್ಟು ಹಿಡಿದು ನಿಂತು, ತಮ್ಮ ಕರಾವಳಿ ರಾಗದ ಮರಾಠಿಯಲ್ಲಿ ಅಂದರು. "ಆಜಿ, ನನ್ನ ಒಲೆಯಿಂದ ನಿಮ್ಮ ಖೋಲಿ ಬಂದ್, ನಿಮ್ಮ ಖೋಲಿಯಿಂದ ನನ್ನ ಹೋಟೆಲ್ ಬಂದ್. ಕೆಳಗೆ ನಮ್ಮ ಊಟದ ಹಾಲ್ ಖಾಲಿ ಬಿದ್ದುಂಟು. ಟೇಬಲ್ ತೆಗೆಸ್ತೇನೆ. ನೂರು ಜನ ಬರಲಿ."

ಆಜಿ ನನ್ನ ಕಡೆ ತಿರುಗಿದರು. "ಅಲ್ಲಿನ ಛಾವಣಿ?"

"ಅಲ್ಲಿ ಒಲೆ ಇಲ್ಲ ಆಜಿ. ಆದರೂ ಇನ್ನೊಮ್ಮೆ ನೋಡಿಯೇ ಹೇಳ್ತೇನೆ." ಆ ದಿನವೆಲ್ಲ ಅದೇ ಕೆಲಸ ಮಾಡಿದೆ. ಹಾಲಿನ ಒಂದೊಂದು ಬೀಮಿಗೂ ಕೈ ಇಟ್ಟು, ಬಡಿದು, ಲೆಕ್ಕ ಹಾಕಿ, ಸಾಹೇಬರಿಗೆ ತೋರಿಸಿ, ಆಮೇಲೆ ಹೂಂ ಅಂದೆ.

ಭಾನುವಾರ ಹೋಟೆಲಿನ ಬಾಗಿಲಿಗೆ ಗೊಂಡೆಹೂವಿನ ತೋರಣ. ಪೂವಪ್ಪ ಹಿತ್ತಲಿನ ಓಣಿಯಲ್ಲಿ ಒಲೆ ಹೂಡಿ ಶಿರಾ ಮಾಡಿದರು, ಆಜಿ ಹಟ ಹಿಡಿದು ಪೂರಣಪೋಳಿ ತಾವೇ ಮಾಡಿದರು. ನಾನು ಹೋಗುವುದಿಲ್ಲ ಅಂತಿದ್ದೆ. ಆಜಿ ಮೊಮ್ಮಗಳ ಕೈಯಲ್ಲಿ ಫೋನ್ ಮಾಡಿಸಿದರು. ಹೋಗಿ ಮೂಲೆಯಲ್ಲಿ ಕೂತೆ. ಉಂಗುರ ಹಾಕಿ ಆದ ಮೇಲೆ ವರನ ಗೆಳೆಯರು ಹಾಡು ಹಚ್ಚಿದರು. ಆಜಿ ಎಲ್ಲರಿಗೂ ಕೇಳುವ ಹಾಗೆ, "ಇಂಜಿನಿಯರ್ ಬಾಬಾ, ಇಲ್ಲಿ ಕುಣಿಯಬಹುದಾ?" ಅಂದರು. ಇಡೀ ಹಾಲು ನನ್ನ ಕಡೆ ತಿರುಗಿತು. ಏನು ಮಾಡಲಿ? ಎದ್ದು, ಜೇಬಿನಿಂದ ನಾಣ್ಯ ತೆಗೆದು, ಹತ್ತಿರದ ಕಾಲಮ್ಮಿಗೆ ಬಡಿದು, "ಕುಣಿಯಿರಿ" ಅಂದೆ. ಬಿದ್ದು ಬಿದ್ದು ನಕ್ಕರು. ಆಜಿಯೂ ನಕ್ಕರು. ನನಗೆ ಪೋಳಿ ಎರಡು ಹೆಚ್ಚೇ ಬಿತ್ತು.

ಬೀಮನ್ನು ಹಳೇ ಪದ್ಧತಿಯಲ್ಲೇ ಮಾಡಿದೆವು. ಬಟ್ಟೆ ಕಿತ್ತು, ಸುತ್ತ ಸರಳು ಕಟ್ಟಿ, ಕಾಂಕ್ರೀಟು ತುಂಬಿ. ಮೂರು ವಾರದ ಧೂಳು. ಒಲೆಗಳ ಮೇಲೆ ಹೊಗೆ ಎಳೆಯುವ ದೊಡ್ಡ ಕೊಡೆ ಹಾಕಿಸಿದೆವು. ಬೀಮು ಮುಕ್ಕಾಲು ಅಡಿ ಕೆಳಗೆ ಬಂತು. ಆರಡಿಯ ಪೂವಪ್ಪನಿಗೆ ಅದರ ಕೆಳಗೆ ಹೋಗುವಾಗಲೆಲ್ಲ ತಲೆ ಬಗ್ಗಿಸಬೇಕು. "ತಪ್ಪು ಮಾಡಿದ್ದು ಇವರು, ನಮಸ್ಕಾರ ಹಾಕುದು ನಾನು" ಅಂತ ಎಲ್ಲರ ಮುಂದೆ ಹೇಳುತ್ತಿದ್ದರು.

ಕಾರ್ಬನ್ ಬಟ್ಟೆ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಆಮೇಲೂ ಎಷ್ಟೋ ಕಡೆ ನಾನೇ ಹಾಕಿಸಿದ್ದೇನೆ, ಇವತ್ತಿಗೂ ಗಟ್ಟಿ ಇವೆ. ಈಗ ಹೆಚ್ಚು ಶಾಖ ತಡೆಯುವ ಅಂಟೂ ಬಂದಿದೆ, ಮೇಲೆ ಹಚ್ಚುವ ಲೇಪಗಳೂ ಬಂದಿವೆ. ಆದರೆ ಯಾವ ಅಂಟು ಬೇಕು ಅಂತ ಗೊತ್ತಾಗಬೇಕಾದರೆ ಅಲ್ಲಿ ಎಷ್ಟು ಬಿಸಿ ಅಂತ ಗೊತ್ತಿರಬೇಕು. ಅದಾದ ಮೇಲೆ ನಮ್ಮ ಆಫೀಸಿನ ತಪಾಸಣೆ ಫಾರಂನಲ್ಲಿ ನಾನು ಒಂದು ಸಾಲು ಸೇರಿಸಿದೆ. "ನೋಡಿದ ಹೊತ್ತಿನಲ್ಲಿ ಕೆಳಗೆ ಮತ್ತು ಮೇಲೆ ಏನು ನಡೆಯುತ್ತಿತ್ತು?" ಲಾಂಡ್ರಿ ಇದ್ದರೆ ಬಾಯ್ಲರ್ ಓಡುತ್ತಿತ್ತಾ, ಬೇಕರಿ ಇದ್ದರೆ ಭಟ್ಟಿ ಉರಿಯುತ್ತಿತ್ತಾ, ಬರೆಯಬೇಕು. ಇದು ಯಾಕೆ ಅಂತ ಹೊಸಬರು ಗೊಣಗುತ್ತಾರಂತೆ. ಯಾಕೆ ಅನ್ನುವುದು ಇದೇ.

ಕರ್ಣಿಕ್ ಸಾಹೇಬರು ಈಗಿಲ್ಲ, ಅಪ್ಪನೂ ಇಲ್ಲ. ಬಕೆಟ್ಟು ನನ್ನ ಮನೆಯ ಬಾಲ್ಕನಿಯಲ್ಲಿದೆ. "ಗೌಂಡಿ ಕಾ ಬೇಟಾ" ಅಂತ ಕರೆಯುವವರಿಲ್ಲದೆ ಎಷ್ಟೋ ವರ್ಷವಾಯಿತು. ಈಗ ಆ ಹೆಸರು ಕೇಳಲು ಕಿವಿ ಕಾಯುತ್ತದೆ.

ಮೊನ್ನೆ ಮೊನ್ನೆ ಸಂಜೀವಣ್ಣನ ಫೋನು. ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ, ಕೆಡವುತ್ತಾರೆ, ನಾಳೆ ಹೋಟೆಲಿನ ಕೊನೇ ದಿನ. "ಒಂದು ಗಂಟೆಗೆ ಬನ್ನಿ ಸಾರ್. ಮೂರಕ್ಕೆ ಬಂದ್ರೆ ಒಳಗೆ ಬಿಡುದಿಲ್ಲ."

ಹೋದೆ. ಮೇಲೆ ಆಜಿಯ ಖೋಲಿಗೆ ಬೀಗ. ಆಜಿ ತೀರಿಕೊಂಡು ವರ್ಷಗಳಾದವು. ಹೋಟೆಲು ಮಾತ್ರ ತುಂಬಿತ್ತು. ಎಷ್ಟೋ ವರ್ಷದ ಗಿರಾಕಿಗಳು, ಕೊನೇ ಊಟಕ್ಕೆ ಬಂದವರು. ಪೂವಪ್ಪನ ಕೂದಲು ಪೂರ್ತಿ ಬಿಳಿ. ವಯಸ್ಸಿಗೆ ಬೆನ್ನು ಬಾಗಿ, ಬೀಮಿನ ಕೆಳಗೆ ತಲೆ ಬಗ್ಗಿಸುವ ಅಗತ್ಯವೇ ಇರಲಿಲ್ಲ. ಆದರೂ ಬಗ್ಗಿಸಿಯೇ ದಾಟುತ್ತಿದ್ದರು, ಅಭ್ಯಾಸ. ಮೂರೂ ಒಲೆ ಭರ್ ಅಂತ ಉರಿಯುತ್ತಿದ್ದವು. ಸ್ಟೂಲು ಬೇಕಾಗಲಿಲ್ಲ. ಕೈ ಚಾಚಿ ಅಂಗೈ ಇಟ್ಟೆ. ಬಿಸಿ ಇತ್ತು. ನಾಣ್ಯ ತೆಗೆದು ಈ ತುದಿಯಿಂದ ಆ ತುದಿಯವರೆಗೆ ಬಡಿದೆ. ಟಣ್, ಟಣ್, ಟಣ್. ನಾಡಿದ್ದು ಮಷೀನು ಬಂದು ಒಡೆಯುವ ಬೀಮನ್ನು ಹೀಗೆ ತಪಾಸಣೆ ಮಾಡುವ ಇಂಜಿನಿಯರ್ ನಾನೊಬ್ಬನೇ ಇರಬೇಕು.

ಊಟ ಮುಗಿದು ಗಿರಾಕಿಗಳೆಲ್ಲ ಹೋದ ಮೇಲೆ ಸಂಜೀವಣ್ಣ ಮೆಲ್ಲಗೆ ಒಳಗೆ ಬಂದರು. ಎರಡು ಒಲೆ ಪೂವಪ್ಪ ಆರಿಸಿದರು. ಮೂರನೆಯದಕ್ಕೆ ಕೈ ಹಾಕುವಾಗ ಸಂಜೀವಣ್ಣ ತಡೆದರು.

"ಆವತ್ತು ನಾನು ಆರಿಸಿ ನಿಮ್ಮನ್ನು ಕೆಡಿಸಿದೆ ಸಾರ್. ಇವತ್ತು ನೀವೇ ಆರಿಸಿ."

ಬಗ್ಗಿ ಕೀಲಿ ತಿರುಗಿಸಿದೆ. ಭರ್ ಅನ್ನುವ ಸದ್ದು ನಿಂತಿತು. ಸಂಜೀವಣ್ಣ ಟೇಬಲ್ ಫ್ಯಾನಿನ ಮುಖ ನನ್ನ ಕಡೆಗೆ ತಿರುಗಿಸಲು ಹೋದರು, ನಾನು ಅದನ್ನು ಪೂವಪ್ಪನ ಕಡೆಗೆ ತಿರುಗಿಸಿದೆ. ಆಮೇಲೆ ಬೀಮಿನ ಮೇಲೆ ಕೈ ಇಟ್ಟುಕೊಂಡು, ಅದು ತಣ್ಣಗಾಗುವವರೆಗೂ ನಿಂತೆ. ಬಹಳ ಹೊತ್ತು ಹಿಡಿಯಿತು.